ಆಮ್‌ಸ್ಟರ್‌ಡ್ಯಾಂನ ಬಾಡಿಗೆ ಮನೆ: ದರ ಇಳಿಯಿತು, ಮನೆ ಮರೆಯಾಯಿತು

ಯೂರೋಪಿನೊಡನೆ ವ್ಯವಹಾರ ನಡೆಸುತ್ತಿರುವ ಕರ್ನಾಟಕದ ಉದ್ದಿಮೆಗಳಿಗೆ ನೆದರ್ಲೆಂಡ್ಸ್ ಅಪರಿಚಿತ ದೇಶವಲ್ಲ. ಹಡಗಿನಲ್ಲಿ ಸಾಗುವ ಸರಕು ಯೂರೋಪಿನ ಅತಿ ದೊಡ್ಡ ಬಂದರಾದ ರಾಟರ್‌ಡ್ಯಾಂನಲ್ಲಿ ಇಳಿಯುತ್ತದೆ, ಬೆಂಗಳೂರಿನ ಸುತ್ತಮುತ್ತ ಬೆಳೆದ ಗುಲಾಬಿ ಆಲ್ಸ್‌ಮೇರ್‌ನ ಹರಾಜು ಕಟ್ಟೆಯನ್ನು ಕಂಡಿದೆ, ಫೆಲ್ಡ್‌ಹೋವನ್‌ನ ಎ.ಎಸ್.ಎಂ.ಎಲ್. ಸಂಸ್ಥೆಯಲ್ಲಿಯೂ ಆಮ್‌ಸ್ಟರ್‌ಡ್ಯಾಂನ ಮಾಹಿತಿ ತಂತ್ರಜ್ಞಾನ ಕಚೇರಿಗಳಲ್ಲಿಯೂ ಕನ್ನಡ ಮಾತನಾಡುವ ಎಂಜಿನಿಯರುಗಳಿದ್ದಾರೆ. ಇಲ್ಲಿನ ಸಂಸ್ಥೆಯೊಂದು ತನ್ನ ನೌಕರನನ್ನು ಒಂದೆರಡು ವರ್ಷಗಳ ಮಟ್ಟಿಗೆ ಅಲ್ಲಿಗೆ ಕಳುಹಿಸಲು ಮುಂದಾದಾಗ ವೀಸಾ, ವೇತನ, ವಿಮೆ ಇವೆಲ್ಲವೂ ಒಂದು ಹದಕ್ಕೆ ಬರುತ್ತವೆ. ಕೊನೆಗೆ ಬಗೆಹರಿಯದೆ ಉಳಿಯುವುದು ಒಂದೇ ವಿಷಯ. ಆತನಿಗೆ ಬಾಡಿಗೆ ಮನೆ ಎಲ್ಲಿ ದೊರೆಯಬೇಕು?

ಬಾಡಿಗೆಯನ್ನು ಕಾಯಿದೆಯ ಮೂಲಕ ಸೆಂಟ್‌ನವರೆಗೆ ಲೆಕ್ಕ ಹಾಕಿ ನಿಗದಿಪಡಿಸುವ ದೇಶದಲ್ಲಿ, ಆ ಬಾಡಿಗೆ ತೆರಲು ಸಿದ್ಧನಿರುವವನಿಗೆ ಮನೆಯೇ ಸಿಗದೆ ಹೋಗಿರುವುದು ವಿಪರ್ಯಾಸವೇ ಸರಿ. ಇದು ಹೇಗೆ ಸಂಭವಿಸಿತು ಎಂಬುದನ್ನು ತಿಳಿಯುವುದು ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಪ್ರಯೋಜನಕರ. ಬೆಲೆಗೂ ಪೂರೈಕೆಗೂ ಇರುವ ಸಂಬಂಧವನ್ನು ದಿನನಿತ್ಯ ಅಂಗಡಿಯಲ್ಲಿ ಕಾಣುವವರಿಗೆ ಆಮ್‌ಸ್ಟರ್‌ಡ್ಯಾಂನ ಈ ಪ್ರಸಂಗ ಸುಲಭವಾಗಿ ಅರ್ಥವಾಗುತ್ತದೆ.

ನಗರದ ಹೃದಯಭಾಗದಲ್ಲಿರುವ ಯೋರ್ದಾನ್ ಬಡಾವಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಂ ತನ್ನ ಪ್ರಸಿದ್ಧ ಕಾಲುವೆಗಳನ್ನು ತೋಡಿದಾಗ ಆ ಕಾಲುವೆಗಳ ದಂಡೆಯಲ್ಲಿ ದೊಡ್ಡ ವರ್ತಕರು ಮನೆ ಕಟ್ಟಿಕೊಂಡರು. ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ಪಶ್ಚಿಮಕ್ಕೆ, ಹಳೆಯ ಹೊಲಗಾಲುವೆಗಳ ಜಾಡಿನಲ್ಲಿಯೇ, ಕುಶಲಕರ್ಮಿಗಳಿಗೂ ಕೂಲಿಕಾರರಿಗೂ ಎದ್ದುನಿಂತದ್ದು ಯೋರ್ದಾನ್. ಅಲ್ಲಿನ ಬೀದಿಗಳು ಇಂದಿಗೂ ದೊಡ್ಡ ಕಾಲುವೆಗಳಿಗೆ ಓರೆಯಾಗಿಯೇ ಇವೆ. ಶ್ರೀಮಂತ ವರ್ತಕರು ವೃದ್ಧೆಯರಿಗೂ ವಿಧವೆಯರಿಗೂ ಬಾಡಿಗೆಯಿಲ್ಲದೆ ವಾಸಿಸಲು ಕಟ್ಟಿಸಿಕೊಟ್ಟ ಅಂಗಳದ ಮನೆಗಳು ಈ ಬಡಾವಣೆಯ ವೈಶಿಷ್ಟ್ಯ. ಅವುಗಳಲ್ಲಿ ಹಲವು ಇಂದಿಗೂ ವಾಸದ ಮನೆಗಳಾಗಿ ಉಳಿದಿವೆ. ವಾಣಿಜ್ಯ ಸಮುದಾಯದವರು ವಸತಿಯ ವಿಷಯದಲ್ಲಿ ಸರ್ಕಾರಕ್ಕಿಂತ ಮೊದಲೇ ಕೈಹಾಕಿದ್ದರೆಂಬುದನ್ನು ಇದು ನೆನಪಿಸುತ್ತದೆ. ಬಹುಕಾಲ ಬಡವರ ಕೇರಿಯಾಗಿದ್ದ ಯೋರ್ದಾನ್‌ನಲ್ಲಿ 1934ರ ಜುಲೈ ತಿಂಗಳಲ್ಲಿ ನಿರುದ್ಯೋಗ ಭತ್ಯೆಯನ್ನು ಕಡಿತಗೊಳಿಸಿದ್ದಕ್ಕಾಗಿ ಗಲಭೆಯೇ ನಡೆದಿತ್ತು. 1970ರ ದಶಕದ ಹೊತ್ತಿಗೆ ಬಡಾವಣೆಯ ಬಹುಭಾಗವನ್ನು ಕೆಡವುವ ವಿಚಾರವೂ ನಡೆದು, ನಿವಾಸಿಗಳ ವಿರೋಧದಿಂದ ಕೈಬಿಟ್ಟುಹೋಯಿತು. ಅದೇ ಇಕ್ಕಟ್ಟಾದ ಮನೆಗಳು ಇಂದು ನಗರದ ಅತ್ಯಂತ ದುಬಾರಿ ಮನೆಗಳ ಸಾಲಿನಲ್ಲಿವೆ.

ಇಂತಹ ಮನೆಯೊಂದರ ಬಾಡಿಗೆ ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಮೆಟ್ಟಿಲುಗಳು ಏಣಿಯಷ್ಟು ಕಡಿದಾಗಿರುತ್ತವೆ; ಕಪಾಟು, ಮಂಚಗಳನ್ನು ಮಹಡಿಗೆ ಒಯ್ಯುವುದು ಮೆಟ್ಟಿಲಿನ ಮೂಲಕ ಸಾಧ್ಯವಾಗದ ಕಾರಣ ಕಟ್ಟಡದ ನೆತ್ತಿಯಲ್ಲಿ ಮುಂಚಾಚಿದ ತೊಲೆಗೆ ಹಗ್ಗ ಕಟ್ಟಿ ಕಿಟಕಿಯ ಮೂಲಕ ಎಳೆದುಕೊಳ್ಳುವ ಪದ್ಧತಿ ಬೆಳೆದುಬಂದಿದೆ. ಜಾಹೀರಾತಿನಲ್ಲಿ ಮೂರು ಬಗೆಯ ಮನೆಗಳು ಕಾಣುತ್ತವೆ. 'ಬೋಳು' ಎಂದಿದ್ದರೆ ಅಕ್ಷರಶಃ ಬೋಳು: ನೆಲಹಾಸು, ಪರದೆ, ಕೆಲವೊಮ್ಮೆ ದೀಪದ ಬುರುಡೆಯೂ ಇರುವುದಿಲ್ಲ, ಹಿಂದಿನ ಬಾಡಿಗೆದಾರ ತನ್ನ ಮರದ ನೆಲವನ್ನು ಕಿತ್ತುಕೊಂಡೇ ಹೋಗಿರುತ್ತಾನೆ. ಎರಡನೆಯ ಬಗೆಯಲ್ಲಿ ನೆಲಹಾಸು ಮತ್ತು ಪರದೆಗಳಿರುತ್ತವೆ. ಮೂರನೆಯದರಲ್ಲಿ ಪೀಠೋಪಕರಣಗಳೂ ಇರುತ್ತವೆ. ಭಾರತದಿಂದ ಹೋದವರು ಮೊದಲ ಬಗೆಯ ಮನೆಯ ಕಡಿಮೆ ಬಾಡಿಗೆಯನ್ನು ಕಂಡು ಒಪ್ಪಿಕೊಂಡು ನಂತರ ನೆಲ ಹಾಕಿಸಲು ಸಾವಿರಾರು ಯೂರೋ ವೆಚ್ಚ ಮಾಡಬೇಕಾಗುವುದುಂಟು.

ಇದಕ್ಕಿಂತ ಮುಖ್ಯವಾದುದು ವಿಳಾಸದ ನೋಂದಣಿ. ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ನೆಲೆಸಲು ಬಂದವರು ಐದು ದಿನಗಳೊಳಗೆ ನಗರಸಭೆಯಲ್ಲಿ ತಮ್ಮ ವಿಳಾಸವನ್ನು ದಾಖಲಿಸಬೇಕು. ಈ ದಾಖಲೆಯ ಮೂಲಕವೇ ನಾಗರಿಕ ಸಂಖ್ಯೆ ದೊರೆಯುತ್ತದೆ. ಆ ಸಂಖ್ಯೆಯಿಲ್ಲದೆ ಬ್ಯಾಂಕು, ಆರೋಗ್ಯ ವಿಮೆ, ವೇತನದ ತೆರಿಗೆ ಯಾವುದೂ ಸರಿಯಾಗಿ ನಡೆಯದು. ಮಾಲೀಕನಿಗೆ ಗೊತ್ತಿಲ್ಲದೆ ಒಳಬಾಡಿಗೆಗೆ ಕೊಡುವವರು, ಅನುಮತಿಯಿಲ್ಲದೆ ಕೋಣೆಗಳಾಗಿ ವಿಂಗಡಿಸಿದವರು 'ನೋಂದಣಿ ಇಲ್ಲ' ಎಂಬ ಷರತ್ತಿನೊಡನೆ ಮನೆ ಕೊಡುತ್ತಾರೆ. ಅಂತಹ ಮನೆ ಎಷ್ಟೇ ಅಗ್ಗವಾಗಿದ್ದರೂ ಉದ್ಯೋಗಕ್ಕಾಗಿ ಹೋದವನಿಗೆ ನಿರುಪಯುಕ್ತ.

ಅಂಕಗಳಲ್ಲಿ ಅಳೆದ ಮನೆ

ಡಚ್ಚರ ಬಾಡಿಗೆ ವ್ಯವಸ್ಥೆಯಲ್ಲಿ ಮೆಚ್ಚಬೇಕಾದ ಅಂಶ ಮನೆಯನ್ನು ಅಳೆಯುವ ಕ್ರಮ. 1979ರಿಂದ ಅಲ್ಲಿ ಜಾರಿಯಲ್ಲಿರುವ ಅಂಕ ಪದ್ಧತಿಯಂತೆ ಪ್ರತಿಯೊಂದು ಬಾಡಿಗೆ ಮನೆಗೂ ಇಷ್ಟು ಅಂಕ ಎಂದು ಲೆಕ್ಕ ಹಾಕಲಾಗುತ್ತದೆ. ವಾಸದ ಕೋಣೆ, ಅಡುಗೆಮನೆ, ಸ್ನಾನಗೃಹಗಳ ಪ್ರತಿ ಚದರ ಮೀಟರಿಗೆ ಒಂದು ಅಂಕ. ಉಗ್ರಾಣದಂತಹ ಜಾಗಕ್ಕೆ ಮುಕ್ಕಾಲು ಅಂಕ. ಅಡುಗೆಮನೆಯ ಕಟ್ಟೆಯ ಉದ್ದ, ಸ್ನಾನಗೃಹದ ಸಲಕರಣೆ, ಬಾಲ್ಕನಿ ಅಥವಾ ತೋಟ, ಇಂಧನ ದಕ್ಷತೆಯ ಶ್ರೇಣಿ ಇವೆಲ್ಲಕ್ಕೂ ಪ್ರತ್ಯೇಕ ಅಂಕಗಳಿವೆ. ನಗರಸಭೆ ತೆರಿಗೆಗಾಗಿ ನಿಗದಿಪಡಿಸುವ ಆಸ್ತಿಯ ಮೌಲ್ಯಕ್ಕೂ ಅಂಕವುಂಟು. ಮನೆ ರಾಷ್ಟ್ರೀಯ ಸ್ಮಾರಕವಾಗಿದ್ದರೆ ಗರಿಷ್ಠ ಬಾಡಿಗೆಯ ಮೇಲೆ ಶೇ. 35, ನಗರಸಭೆಯ ಸ್ಮಾರಕವಾಗಿದ್ದರೆ ಶೇ. 15, ಸಂರಕ್ಷಿತ ನಗರಭಾಗದ ಹಳೆಯ ಕಟ್ಟಡವಾಗಿದ್ದರೆ ಶೇ. 5 ಹೆಚ್ಚುವರಿಗೆ ಅವಕಾಶವಿದೆ. ಯೋರ್ದಾನ್‌ನಂತಹ ಹಳೆಯ ಕೇರಿಗಳಲ್ಲಿ ಈ ಹೆಚ್ಚುವರಿಗೆ ಬಹಳ ಮಹತ್ವವಿದೆ.

ಬಾಡಿಗೆದಾರನ ಮುಖ, ಭಾಷೆ, ಅವಸರ ಇವುಗಳನ್ನು ನೋಡಿ ದರ ಹೇಳುವ ಪದ್ಧತಿಗಿಂತ ಇದು ನಿಸ್ಸಂದೇಹವಾಗಿ ಮೇಲು. ತಕ್ಕಡಿ, ಅಳತೆಗಳ ಮೇಲೆ ಮುದ್ರೆ ಒತ್ತಿಸಿಕೊಂಡು ವ್ಯಾಪಾರ ಮಾಡುವವರು ಇದನ್ನು ಆಕ್ಷೇಪಿಸಲಾರರು. ತಕರಾರು ಬಂದಲ್ಲಿ ಬಾಡಿಗೆ ಆಯೋಗಕ್ಕೆ 25 ಯೂರೋ ಶುಲ್ಕ ಕಟ್ಟಿ ದೂರು ಕೊಡಬಹುದು, ವಕೀಲರ ಅಗತ್ಯವಿಲ್ಲ. ಇಂತಹ ಆಯೋಗಗಳನ್ನು ರಚಿಸುವ ಮೊದಲ ಕಾಯಿದೆ ಬಂದದ್ದು 1917ರಲ್ಲಿ, ಮೊದಲನೆಯ ಮಹಾಯುದ್ಧದ ಅಭಾವದ ಕಾಲದಲ್ಲಿ. 2023ರ ಜುಲೈ 1ರಿಂದ ಜಾರಿಗೆ ಬಂದ ಇನ್ನೊಂದು ಕಾಯಿದೆ ಠೇವಣಿಯನ್ನು ಎರಡು ತಿಂಗಳ ಮೂಲ ಬಾಡಿಗೆಗೆ ಮಿತಿಗೊಳಿಸಿತು. ಮನೆ ಬಿಟ್ಟ ಮೇಲೆ, ಕಡಿತವೇನೂ ಇಲ್ಲದಿದ್ದರೆ, 14 ದಿನಗಳೊಳಗೆ ಅದನ್ನು ಹಿಂದಿರುಗಿಸಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಟ್ಟು, ಅದನ್ನು ಮರಳಿ ಪಡೆಯಲು ಸುಣ್ಣಬಣ್ಣದ ಲೆಕ್ಕದಲ್ಲಿ ವಾದಿಸಿದ ಬೆಂಗಳೂರಿನ ಬಾಡಿಗೆದಾರರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ. ಭಾರತ ಸರ್ಕಾರ 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯಿದೆಯೂ ವಾಸದ ಮನೆಗಳಿಗೆ ಎರಡು ತಿಂಗಳ ಮಿತಿಯನ್ನೇ ಸೂಚಿಸಿದೆ.

ಆದರೆ ದಶಕಗಳ ಕಾಲ ಅಂಕ ಪದ್ಧತಿಗೆ ಒಂದು ಹೊರದಾರಿಯಿತ್ತು. ನಿರ್ದಿಷ್ಟ ಅಂಕಗಳನ್ನು ಮೀರಿದ ಮನೆ 'ಮುಕ್ತ ವಲಯ'ಕ್ಕೆ ಸೇರಿ, ಅದರ ಬಾಡಿಗೆಯನ್ನು ಮಾಲೀಕ ತನ್ನ ಇಚ್ಛೆಯಂತೆ ನಿಗದಿಪಡಿಸಬಹುದಾಗಿತ್ತು. ಆಸ್ತಿಯ ಮೌಲ್ಯಕ್ಕೂ ಅಂಕ ಕೊಟ್ಟದ್ದರಿಂದ, ನಗರದ ಮಧ್ಯದ 40 ಚದರ ಮೀಟರಿನ ಗೂಡೂ ಕೇವಲ ನೆಲದ ಬೆಲೆಯ ಬಲದಿಂದ ಮುಕ್ತ ವಲಯಕ್ಕೆ ಹಾರಿತು. ಬೆಲೆ ಏರಿದಂತೆ ಅಂಕ ಏರಿತು, ಅಂಕ ಏರಿದಂತೆ ಬಾಡಿಗೆ ಏರಿತು, ಬಾಡಿಗೆ ಏರಿದ್ದರಿಂದ ಹೂಡಿಕೆದಾರರು ಇನ್ನಷ್ಟು ಮನೆಗಳನ್ನು ಕೊಂಡರು. 2021ರ ಸೆಪ್ಟೆಂಬರ್ 12ರಂದು ಆಮ್‌ಸ್ಟರ್‌ಡ್ಯಾಂನಲ್ಲಿ ಸಾವಿರಾರು ಜನ ವಸತಿಗಾಗಿ ಬೀದಿಗಿಳಿದದ್ದು ಅಕಾರಣವಾಗಿ ಅಲ್ಲ. ಮಾಲೀಕರ ಪರವಾಗಿ ವಾದಿಸುವವರು ಈ ವರ್ಷಗಳನ್ನು ಮರೆಮಾಚುವುದು ಸಾಧುವಲ್ಲ. 2022ರ ಮೇ ತಿಂಗಳಿನಿಂದ, ಹೀಗೆ ಮುಕ್ತ ವಲಯಕ್ಕೆ ದಾಟುವ ಮನೆಗಳಲ್ಲಿ ಆಸ್ತಿ ಮೌಲ್ಯದ ಅಂಕ ಒಟ್ಟು ಅಂಕಗಳ ಮೂರನೆಯ ಒಂದು ಭಾಗವನ್ನು ಮೀರಬಾರದೆಂಬ ನಿಯಮ ಬಂದಿತು.

ಅಲ್ಲಿಗೆ ನಿಂತಿದ್ದರೆ ಪರಿಣಾಮ ಬೇರೆಯಾಗುತ್ತಿತ್ತೇನೋ. 2024ರ ಜುಲೈ 1ರಿಂದ ಜಾರಿಗೆ ಬಂದ ಕೈಗೆಟಕುವ ಬಾಡಿಗೆ ಕಾಯಿದೆ ಹೊರದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. 143 ಅಂಕಗಳವರೆಗಿನ ಮನೆ ಸಾಮಾಜಿಕ ಬಾಡಿಗೆಯದು. 2024ರಲ್ಲಿ ಅದರ ಗರಿಷ್ಠ ಮೊತ್ತ ತಿಂಗಳಿಗೆ 879.66 ಯೂರೋ. 144ರಿಂದ 186 ಅಂಕಗಳವರೆಗಿನದು 'ಮಧ್ಯಮ ಬಾಡಿಗೆ' ಎಂಬ ಹೊಸ ವರ್ಗ. ಅದರ ಗರಿಷ್ಠ 1,157.95 ಯೂರೋ, ಅಂದಿನ ವಿನಿಮಯ ದರದಲ್ಲಿ ಸುಮಾರು ಒಂದು ಲಕ್ಷ ರೂಪಾಯಿ. 187 ಅಂಕಗಳಿಂದ ಮೇಲಿನ ಮನೆಗಳಿಗೆ ಮಾತ್ರ ದರದ ಸ್ವಾತಂತ್ರ್ಯ ಉಳಿಯಿತು. ಅದೇ ದಿನ ಇನ್ನೊಂದು ಕಾಯಿದೆಯೂ ಜಾರಿಗೆ ಬಂದು, 2016ರಿಂದ ಅನುಮತಿಸಲಾಗಿದ್ದ ಎರಡು ವರ್ಷಗಳ ತಾತ್ಕಾಲಿಕ ಕರಾರುಗಳನ್ನು ಕೆಲವು ವಿನಾಯಿತಿಗಳ ಹೊರತು ರದ್ದುಗೊಳಿಸಿತು. ಇನ್ನು ಮುಂದೆ ಬಾಡಿಗೆ ಕರಾರು ಎಂದರೆ ಅನಿರ್ದಿಷ್ಟ ಅವಧಿಯ ಕರಾರು. 2025ರ ಜನವರಿಯಿಂದ ನಗರಸಭೆಗಳಿಗೆ ದಂಡ ವಿಧಿಸುವ ಅಧಿಕಾರವೂ ದೊರೆಯಿತು.

ಸಣ್ಣ ಮಾಲೀಕನ ಖಾತೆ ಪುಸ್ತಕ

ಕಾಯಿದೆಯ ಉದ್ದೇಶ ಒಳ್ಳೆಯದೇ. ಅದರ ಫಲ ಏನಾಯಿತು ಎಂಬುದನ್ನು ಅರಿಯಲು ಒಬ್ಬ ಸಣ್ಣ ಮಾಲೀಕನ ಲೆಕ್ಕವನ್ನು ತೆರೆದು ನೋಡಬೇಕು. ನಿವೃತ್ತಿಯ ಆಸರೆಗೆಂದು ಯೋರ್ದಾನ್‌ನಲ್ಲಿ ಒಂದು ಫ್ಲ್ಯಾಟ್ ಹೊಂದಿರುವ ಒಬ್ಬ ಅಂಗಡಿಕಾರನನ್ನು ಊಹಿಸಿಕೊಳ್ಳಬಹುದು. ಫ್ಲ್ಯಾಟಿನ ತೆರಿಗೆ ಮೌಲ್ಯ 4,00,000 ಯೂರೋ ಎಂದಿಟ್ಟುಕೊಳ್ಳೋಣ. ಮುಕ್ತ ವಲಯದಲ್ಲಿದ್ದಾಗ ತಿಂಗಳಿಗೆ 1,800 ಯೂರೋ ಬಾಡಿಗೆ ಬರುತ್ತಿತ್ತು ಎನ್ನೋಣ. ವರ್ಷಕ್ಕೆ 21,600.

ನೆದರ್ಲೆಂಡ್ಸ್‌ನಲ್ಲಿ ಇಂತಹ ಖಾಸಗಿ ಮಾಲೀಕನಿಗೆ ವಿಧಿಸುವ ಆದಾಯ ತೆರಿಗೆ ಬಂದ ಬಾಡಿಗೆಯ ಮೇಲೆ ಅಲ್ಲ. ಆಸ್ತಿಯ ಮೌಲ್ಯದ ಮೇಲೆ ಇಷ್ಟು ಆದಾಯ ಬಂದಿದೆ ಎಂದು ಸರ್ಕಾರವೇ ಊಹಿಸಿ, ಆ ಊಹೆಯ ಮೇಲೆ ತೆರಿಗೆ ಹಾಕುತ್ತದೆ. 2024ರಲ್ಲಿ ಈ ಊಹೆಯ ದರ ಶೇ. 6.04, ತೆರಿಗೆ ಶೇ. 36. ತೆರಿಗೆಮುಕ್ತ ಮೊತ್ತ, ಸಾಲ ಇವುಗಳನ್ನು ಬದಿಗಿಟ್ಟರೆ ನಮೂದಿಸಿದ ಫ್ಲ್ಯಾಟಿಗೆ ತೆರಿಗೆ 8,698 ಯೂರೋ; ಕೈಯಲ್ಲಿ ಉಳಿಯುವುದು 12,902. ಇದರಲ್ಲಿ ದುರಸ್ತಿ, ವಿಮೆ, ಕಟ್ಟಡದ ಮಾಲೀಕರ ಸಂಘದ ವಂತಿಗೆ ಎಲ್ಲವೂ ನಡೆಯಬೇಕು. ಹೊಟ್ಟೆ ತುಂಬುವಷ್ಟಿತ್ತು ಎನ್ನಬಹುದು.

ಈಗ ಅದೇ ಫ್ಲ್ಯಾಟ್ ಅಂಕಗಳ ಲೆಕ್ಕದಲ್ಲಿ ಮಧ್ಯಮ ವರ್ಗಕ್ಕೆ ಬಂದು ಬಾಡಿಗೆ 1,100 ಯೂರೋಗೆ ಇಳಿದರೆ ವರ್ಷದ ಆದಾಯ 13,200. ಬಾಡಿಗೆ ಕಡಿಮೆಯಾದ ಕಾರಣ ತೆರಿಗೆ ಮೌಲ್ಯದಲ್ಲಿ ಶೇ. 10ರ ರಿಯಾಯಿತಿ ಸಿಗುತ್ತದೆ. ಹಾಗಾಗಿ ತೆರಿಗೆ 7,828 ಯೂರೋ. ಉಳಿಕೆ 5,372. ಆದಾಯ ಸುಮಾರು ಶೇ. 39ರಷ್ಟು ಇಳಿಯಿತು, ತೆರಿಗೆ ಕೇವಲ ಶೇ. 10ರಷ್ಟು ಇಳಿಯಿತು. ನಾಲ್ಕು ಲಕ್ಷದ ಬಂಡವಾಳದ ಮೇಲೆ ಶೇ. 1.34ರ ಉಳಿಕೆ, ಅದೂ ದುರಸ್ತಿಗೆ ಮುನ್ನ. ಮರದ ಕಂಬಗಳನ್ನು ಕೆಸರಿನಲ್ಲಿ ಹೂಳಿ ಅದರ ಮೇಲೆ ನಿಲ್ಲಿಸಿದ ಮುನ್ನೂರು ವರ್ಷದ ಕಟ್ಟಡದ ಅಡಿಪಾಯ ಒಮ್ಮೆ ಕೈಕೊಟ್ಟರೆ ಹತ್ತು ವರ್ಷದ ಉಳಿಕೆ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ಊಹೆಯ ಆದಾಯದ ಮೇಲಿನ ತೆರಿಗೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2021ರ ಡಿಸೆಂಬರ್ 24ರಂದೇ ಪ್ರಶ್ನಿಸಿತ್ತು. 2024ರ ಜೂನ್‌ನಲ್ಲಿ, ನಿಜವಾದ ಆದಾಯ ಕಡಿಮೆಯಿದ್ದರೆ ಅದನ್ನೇ ಪರಿಗಣಿಸಬೇಕೆಂದೂ ಹೇಳಿತು. ಆದರೆ ಆ ನಿಜವಾದ ಆದಾಯದಲ್ಲಿ ಮನೆಯ ಬೆಲೆ ಕಾಗದದ ಮೇಲೆ ಏರಿದ್ದನ್ನೂ ಸೇರಿಸಬೇಕಾದ್ದರಿಂದ, ಬೆಲೆಗಳು ಏರುತ್ತಿದ್ದ ನಗರದಲ್ಲಿ ಬಹಳ ಮಂದಿಗೆ ಅದು ನೆರವಿಗೆ ಬರಲಿಲ್ಲ. ಮಾರಿ ನೋಡದ ಸರಕಿನ ಲಾಭಕ್ಕೆ ತೆರಿಗೆ ಕಟ್ಟುವುದೆಂದರೇನು ಎಂಬುದು ವರ್ತಕರಿಗೆ ತಿಳಿಯದ ಸಂಗತಿಯಲ್ಲ.

ಇದರ ಮೇಲೆ ಮನೆ ಕೊಳ್ಳುವಾಗಿನ ತೆರಿಗೆ. ಹೂಡಿಕೆಗಾಗಿ ಕೊಳ್ಳುವವರಿಗೆ ಅದು 2021ರಲ್ಲಿ ಶೇ. 2ರಿಂದ 8ಕ್ಕೆ, 2023ರಲ್ಲಿ ಶೇ. 10.4ಕ್ಕೆ ಏರಿತು. 2022ರಿಂದ ನಗರಸಭೆಗಳು ತಾವು ಗೊತ್ತುಪಡಿಸಿದ ಬಡಾವಣೆಗಳಲ್ಲಿ, ಹೊಸದಾಗಿ ಕೊಂಡ ಮನೆಯನ್ನು ನಾಲ್ಕು ವರ್ಷ ಬಾಡಿಗೆಗೆ ಕೊಡಲೇಬಾರದೆಂದು ನಿಷೇಧಿಸಲೂ ಅವಕಾಶವಾಯಿತು. ಅಂದರೆ ಹಳೆಯ ಮಾಲೀಕ ಹೊರಹೋಗಲು ಎಲ್ಲ ಕಾರಣಗಳೂ ಕೂಡಿಬಂದವು, ಹೊಸ ಮಾಲೀಕ ಒಳಬರಲು ಬಾಗಿಲು ಮುಚ್ಚಿತು.

ಮಾಲೀಕರು ಮಾರತೊಡಗಿದರು. ಇದಕ್ಕೆ ಡಚ್ ಭಾಷೆಯಲ್ಲಿ 'ಔಟ್‌ಪೊಂಡನ್' ಎನ್ನುತ್ತಾರೆ. ಸಗಟಿನಲ್ಲಿ ತಂದದ್ದನ್ನು ಪೌಂಡ್ ಲೆಕ್ಕದಲ್ಲಿ ಬಿಡಿಬಿಡಿಯಾಗಿ ಮಾರುವುದು ಎಂಬ ಅರ್ಥದ ಹಳೆಯ ವ್ಯಾಪಾರಿ ಪದವದು. ಬಾಡಿಗೆ ಮನೆಗಳ ಗುಚ್ಛವನ್ನು ಹೊಂದಿದವರು ಒಂದೊಂದೇ ಮನೆ ಖಾಲಿಯಾದಂತೆ ಅದನ್ನು ವಾಸಕ್ಕೆ ಕೊಳ್ಳುವವರಿಗೆ ಮಾರುತ್ತ ಬರುವುದಕ್ಕೆ ಈಗ ಆ ಪದ ಬಳಕೆಯಾಗುತ್ತಿದೆ.

ಇಲ್ಲಿ 'ಖಾಲಿಯಾದಂತೆ' ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮಾರಾಟ ಬಾಡಿಗೆಯನ್ನು ಮುರಿಯದು ಎಂಬುದು ಡಚ್ ಕಾನೂನಿನ ಹಳೆಯ ಸೂತ್ರ. ಬಾಡಿಗೆದಾರನಿರುವ ಮನೆಯನ್ನು ಮಾರಿದರೂ ಕರಾರು ಹೊಸ ಮಾಲೀಕನಿಗೆ ವರ್ಗಾವಣೆಯಾಗುತ್ತದೆ. ಆದ್ದರಿಂದ ಬಾಡಿಗೆದಾರನಿರುವ ಮನೆಗೆ ಬೆಲೆ ಕಡಿಮೆ, ಖಾಲಿ ಮನೆಗೆ ಪೂರ್ಣ ಬೆಲೆ. ಮಾಲೀಕ ಕಾಯುತ್ತಾನೆ, ಬಾಡಿಗೆದಾರ ತೆರಳಿದ ದಿನವೇ ಮಾರಾಟದ ಫಲಕ ತೂಗುಹಾಕುತ್ತಾನೆ. ಅಂಕಿಅಂಶಗಳನ್ನು ನೋಡಿದವರಿಗೆ ದೇಶದ ಒಟ್ಟು ಬಾಡಿಗೆ ಮನೆಗಳಲ್ಲಿ ಸ್ವಲ್ಪ ಪಾಲು ಮಾತ್ರ ಮಾರಾಟವಾದಂತೆ ಕಾಣುತ್ತದೆ. ಆದರೆ ಹೊಸದಾಗಿ ಮನೆ ಹುಡುಕುವವನಿಗೆ ಒಟ್ಟು ದಾಸ್ತಾನಿನಿಂದ ಪ್ರಯೋಜನವೇನು? ಆತನಿಗೆ ಬೇಕಾಗಿರುವುದು ಈ ತಿಂಗಳು ಮಾರುಕಟ್ಟೆಗೆ ಬರುವ ಮಾಲು. ಖಾಲಿಯಾಗುವ ಮನೆಗಳೇ ಮಾರಾಟವಾಗುವ ಮನೆಗಳೂ ಆಗಿರುವುದರಿಂದ, ಗೋದಾಮು ತುಂಬಿದಂತೆ ಕಂಡರೂ ಅಂಗಡಿಯ ಹಲಗೆ ಬರಿದಾಗಿದೆ. ಕಾಯಿದೆಯ ಸಮರ್ಥಕರು ಗೋದಾಮನ್ನು ತೋರಿಸುತ್ತಾರೆ. ಮನೆ ಹುಡುಕುವವರು ಹಲಗೆಯನ್ನು ನೋಡುತ್ತಾರೆ. ಈ ವಿವಾದದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಯಾರಿಗೆ ಲಾಭ, ಯಾರಿಗೆ ನಷ್ಟ

ಮಾರಾಟವಾದ ಮನೆ ಗಾಳಿಯಲ್ಲಿ ಕರಗುವುದಿಲ್ಲ. ಯಾರೋ ಒಬ್ಬರು ಅದರಲ್ಲಿ ವಾಸಿಸುತ್ತಾರೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. 35 ವರ್ಷದೊಳಗಿನವರು ಮೊದಲ ಬಾರಿ ಮನೆ ಕೊಂಡರೆ, ಬೆಲೆಯ ಮಿತಿಗೊಳಪಟ್ಟು, ಖರೀದಿ ತೆರಿಗೆಯಿಂದ ಪೂರ್ಣ ವಿನಾಯಿತಿ ಉಂಟು. 2024ರಲ್ಲಿ ಆ ಮಿತಿ 5,10,000 ಯೂರೋ ಆಗಿತ್ತು. ಹಿಂದೆ ಹೂಡಿಕೆದಾರರೊಡನೆ ಪೈಪೋಟಿಯಲ್ಲಿ ಸೋಲುತ್ತಿದ್ದ ಯುವ ದಂಪತಿಗಳಿಗೆ ಫ್ಲ್ಯಾಟು ದಕ್ಕಿತು. ಈಗಾಗಲೇ ಕರಾರು ಹೊಂದಿದ್ದ ಬಾಡಿಗೆದಾರರಿಗೂ ನೆಮ್ಮದಿ ದೊರೆಯಿತು. ಕಡಿಮೆ ಅಂಕದ ಮನೆಗಳಲ್ಲಿ ಅತಿಯಾದ ಬಾಡಿಗೆ ತೆರುತ್ತಿದ್ದವರ ಹೊರೆ ಇಳಿಯಿತು. ಇವು ನೈಜ ಲಾಭಗಳು.

ನಷ್ಟ ಬಿದ್ದದ್ದು ಒಂದು ಮೂಲೆಗೆ. ಆಮ್‌ಸ್ಟರ್‌ಡ್ಯಾಂನ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಒಬ್ಬ ಅವಿವಾಹಿತ ಶಿಕ್ಷಕನಿಗೆ ವರ್ಷಕ್ಕೆ 50,000 ಯೂರೋ ವೇತನವಿದೆ ಎಂದುಕೊಳ್ಳೋಣ. ಸಾಮಾಜಿಕ ವಸತಿಗೆ ಒಂಟಿ ವ್ಯಕ್ತಿಯ ಆದಾಯ ಮಿತಿ 2024ರಲ್ಲಿ 47,699 ಯೂರೋ. ಆತ ಅದನ್ನು ಮೀರಿದ್ದಾನೆ. ಮೀರದಿದ್ದರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸರದಿಯಲ್ಲಿ ಕಾಯಬೇಕಾಗುತ್ತಿತ್ತು. ನಾಲ್ಕು ಲಕ್ಷದ ಫ್ಲ್ಯಾಟು ಕೊಳ್ಳಲು ಆ ವೇತನಕ್ಕೆ ಬ್ಯಾಂಕು ಸಾಲ ಕೊಡದು. ಮಧ್ಯಮ ಬಾಡಿಗೆಯ ವರ್ಗವನ್ನು ಸೃಷ್ಟಿಸಿದ್ದೇ ಆತನಿಗಾಗಿ. ಆ ವರ್ಗದ ಮನೆ ಬಾಡಿಗೆಗೆ ಬಂದರೆ ಒಂದೇ ದಿನದಲ್ಲಿ ನೂರಾರು ಅರ್ಜಿಗಳು ಬರುತ್ತವೆ. ದರದ ಮೂಲಕ ಆಯ್ಕೆ ಮಾಡಲಾಗದ ಮಾಲೀಕ ಅರ್ಜಿದಾರರ ಯೋಗ್ಯತೆಯನ್ನು ತೂಗತೊಡಗುತ್ತಾನೆ: ಬಾಡಿಗೆಯ ಮೂರು ಅಥವಾ ಮೂರೂವರೆ ಪಟ್ಟು ವೇತನವಿದೆಯೇ, ಕಾಯಂ ಉದ್ಯೋಗವೇ, ಹಿಂದಿನ ಮಾಲೀಕನ ಪತ್ರವಿದೆಯೇ. ಬಾಡಿಗೆದಾರನ ಮುಖ ನೋಡುವ ಪದ್ಧತಿಯನ್ನು ತಪ್ಪಿಸಲೆಂದು ತಂದ ಅಳತೆ, ಕೊನೆಗೆ ಮುಖ ನೋಡಿಯೇ ಮನೆ ಕೊಡುವ ಸ್ಥಿತಿಗೆ ತಂದು ನಿಲ್ಲಿಸಿತು. ಪಾರದರ್ಶಕವಾದ ಆಯ್ಕೆ ಕ್ರಮವಿರಬೇಕೆಂದು ಕಾಯಿದೆ ಹೇಳುತ್ತದೆ. ನೂರು ಅರ್ಜಿಗಳಲ್ಲಿ ಒಂದನ್ನು ಆರಿಸಿದ ಕಾರಣವನ್ನು ಕಾಗದದ ಮೇಲೆ ಬರೆದು ತೋರಿಸುವುದು ಕಷ್ಟವೇನಲ್ಲ.

ಬೆಂಗಳೂರಿನಿಂದ ಹೋಗುವ ಎಂಜಿನಿಯರನ ಸ್ಥಿತಿ ಶಿಕ್ಷಕನಿಗಿಂತ ಸ್ವಲ್ಪ ಉತ್ತಮ. ಹೊರದೇಶದಿಂದ ಬಂದ ನುರಿತ ನೌಕರರ ವೇತನದ ಒಂದು ಭಾಗಕ್ಕೆ ತೆರಿಗೆ ವಿನಾಯಿತಿಯಿದೆ, ಶೇ. 30ರವರೆಗಿದ್ದ ಈ ಭಾಗವನ್ನು 2027ರಿಂದ ಶೇ. 27ಕ್ಕೆ ಇಳಿಸುವ ಕಾಯಿದೆಯಾಗಿದೆ. ಈ ಅನುಕೂಲದಿಂದ ಆತ 187 ಅಂಕ ಮೀರಿದ ದುಬಾರಿ ಮನೆಗಳತ್ತ ಹೋಗಬಲ್ಲ. ಆದರೆ ನಿಯಂತ್ರಿತ ವಲಯದಲ್ಲಿ ಜಾಗ ಸಿಗದವರೆಲ್ಲ ಅದೇ ವಲಯಕ್ಕೆ ನುಗ್ಗುವುದರಿಂದ ಅಲ್ಲಿನ ಬಾಡಿಗೆ ಆಮ್‌ಸ್ಟರ್‌ಡ್ಯಾಂನಲ್ಲಿ ಚದರ ಮೀಟರಿಗೆ ತಿಂಗಳಿಗೆ 25 ಯೂರೋ ಮೀರಿತು. 70 ಚದರ ಮೀಟರಿನ ಮನೆಗೆ 1,750. ಸ್ಥಳೀಯರ ಅಸಮಾಧಾನ ಹೊರಗಿನವರ ಮೇಲೆ ತಿರುಗಲು ಇದೂ ಒಂದು ಕಾರಣವಾಯಿತು. ಮನೆ ಮಾರಿದವನೂ ಕಾಯಿದೆ ಮಾಡಿದವನೂ ಕಣ್ಣಿಗೆ ಬೀಳುವುದಿಲ್ಲ; ಮೆಟ್ಟಿಲೇರುವ ಹೊಸ ಬಾಡಿಗೆದಾರ ಕಣ್ಣಿಗೆ ಬೀಳುತ್ತಾನೆ.

ದರ ನಿಯಂತ್ರಣವೇ ಎಲ್ಲ ಅನರ್ಥಕ್ಕೆ ಮೂಲವೆಂದು ಘೋಷಿಸುವುದು ವಾಣಿಜ್ಯ ವಲಯದಲ್ಲಿ ರೂಢಿ. ಅದು ಪೂರ್ತಿ ಸತ್ಯವಲ್ಲ. ದೇಶದಲ್ಲಿ ಸುಮಾರು 4 ಲಕ್ಷ ಮನೆಗಳ ಕೊರತೆಯಿದೆ ಎಂದು 2024ರಲ್ಲಿ ಅಂದಾಜು ಮಾಡಲಾಗಿತ್ತು. ಈ ಕೊರತೆ ಹುಟ್ಟಿದ್ದು ಮಧ್ಯಮ ಬಾಡಿಗೆಯ ಕಾಯಿದೆಗಿಂತ ಬಹಳ ಹಿಂದೆ. 2010ರಲ್ಲಿ ವಸತಿಯ ಪ್ರತ್ಯೇಕ ಸಚಿವಾಲಯವನ್ನೇ ಮುಚ್ಚಿ ಬೇರೆ ಇಲಾಖೆಗಳಲ್ಲಿ ಸೇರಿಸಲಾಯಿತು. 1901ರ ವಸತಿ ಕಾಯಿದೆಯ ಬಲದಿಂದ ಬೆಳೆದು, ದೇಶದ ಮನೆಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಹೊಂದಿರುವ ವಸತಿ ಸಂಘಗಳ ಮೇಲೆ 2013ರಿಂದ 2022ರವರೆಗೆ ವಿಶೇಷ ಕರ ಹೇರಿ, ಅವುಗಳು ಕಟ್ಟಬಹುದಾಗಿದ್ದ ಮನೆಗಳ ಹಣವನ್ನು ಖಜಾನೆಗೆ ಎಳೆದುಕೊಳ್ಳಲಾಯಿತು. 2019ರ ಮೇ 29ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಪೀಠ ಸಾರಜನಕ ಮಾಲಿನ್ಯದ ಪರವಾನಗಿ ವ್ಯವಸ್ಥೆಯನ್ನು ರದ್ದುಗೊಳಿಸಿದಾಗ ಸಾವಿರಾರು ನಿರ್ಮಾಣ ಯೋಜನೆಗಳು ಸ್ಥಗಿತಗೊಂಡವು. ಸಾರಜನಕದ ದೊಡ್ಡ ಪಾಲು ಪಶುಸಂಗೋಪನೆಯಿಂದ ಬರುತ್ತದೆ. ತಡೆ ಬಿದ್ದದ್ದು ಮನೆಗಳಿಗೂ. ವಿದ್ಯುತ್ ಜಾಲದಲ್ಲಿ ಹೊಸ ಸಂಪರ್ಕಕ್ಕೆ ಜಾಗವಿಲ್ಲವೆಂಬ ಅಡಚಣೆಯೂ ಸೇರಿಕೊಂಡಿತು. ವರ್ಷಕ್ಕೆ ಒಂದು ಲಕ್ಷ ಮನೆ ಕಟ್ಟುವ ಗುರಿ ಘೋಷಣೆಯಲ್ಲಿಯೇ ಉಳಿಯಿತು.

ಪೂರೈಕೆ ಹೆಚ್ಚಿಸುವ ಕೆಲಸ ಕಷ್ಟ, ನಿಧಾನ, ವೆಚ್ಚದ್ದು. ಬೆಲೆ ಇಳಿಸುವ ಕಾಯಿದೆ ಶೀಘ್ರ, ಅಗ್ಗ. ಡಚ್ ಸರ್ಕಾರ ಮೊದಲನೆಯದರಲ್ಲಿ ಎಡವಿ ಎರಡನೆಯದನ್ನು ಮಾಡಿತು. ಮಾಡುವಾಗಲೂ ಬೆಲೆಯ ಮಿತಿ, ಊಹೆಯ ತೆರಿಗೆ, ಖರೀದಿ ತೆರಿಗೆ, ಕಾಯಂ ಕರಾರು ಇವು ನಾಲ್ಕನ್ನೂ ಒಂದೇ ಸಣ್ಣ ಮಾಲೀಕನ ಹೆಗಲಿಗೆ ಮೂರು-ನಾಲ್ಕು ವರ್ಷಗಳೊಳಗೆ ಏರಿಸಿತು. ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಸಮರ್ಥನೆ ಇದೆ. ಒಟ್ಟಿಗೆ ಕೂಡಿಸಿ ಲೆಕ್ಕ ಹಾಕಿದವರು ಯಾರೂ ಇದ್ದಂತೆ ಕಾಣುವುದಿಲ್ಲ. ಬಾಡಿಗೆಯ ಮಿತಿಯನ್ನು ಉಳಿಸಿಕೊಂಡು, ಮಿತಿಯೊಳಗೆ ಬಾಡಿಗೆಗೆ ಕೊಡುವವನಿಗೆ ನಿಜವಾಗಿ ಬಂದ ಬಾಡಿಗೆಯ ಮೇಲೆ ಮಾತ್ರ ತೆರಿಗೆ ಹಾಕಿದ್ದರೆ, ಮೇಲೆ ಹೇಳಿದ ಅಂಗಡಿಕಾರ ತನ್ನ ಫ್ಲ್ಯಾಟನ್ನು ಮಾರುವ ಮುನ್ನ ಎರಡು ಬಾರಿ ಯೋಚಿಸುತ್ತಿದ್ದ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಕರ್ನಾಟಕದ ಹಳೆಯ ಪೇಟೆಗಳ ಕಟ್ಟಡಗಳಿಗೆ ಸುಣ್ಣ ಕಾಣಿಸದಿದ್ದ ಕಾರಣವನ್ನು ಬಲ್ಲ ಹಿರಿಯ ವರ್ತಕರಿಗೆ ಈ ಲೆಕ್ಕ ಹೊಸದೆನಿಸದು. ವ್ಯತ್ಯಾಸವೆಂದರೆ ಅಲ್ಲಿನ ಮಾಲೀಕನಿಗೆ ಮಾರಿಕೊಂಡು ಹೊರನಡೆಯುವ ದಾರಿ ತೆರೆದೇ ಇತ್ತು.

ತಿದ್ದುಪಡಿಯ ಸೂಚನೆಗಳು ಕಂಡಿವೆ. ಹೂಡಿಕೆಯ ಮನೆಗಳ ಖರೀದಿ ತೆರಿಗೆಯನ್ನು 2026ರ ಜನವರಿ 1ರಿಂದ ಶೇ. 8ಕ್ಕೆ ಇಳಿಸಲಾಯಿತು. ನಿಜವಾದ ಆದಾಯದ ಮೇಲೆ ತೆರಿಗೆ ವಿಧಿಸುವ ಹೊಸ ವ್ಯವಸ್ಥೆಯನ್ನು 2028ರಿಂದ ತರಬೇಕೆಂದು ಸರ್ಕಾರ ಯೋಜಿಸಿತು. ಹೊಸದಾಗಿ ಕಟ್ಟುವ ಮಧ್ಯಮ ಬಾಡಿಗೆಯ ಮನೆಗಳಿಗೆ ಶೇ. 10ರ ಹೆಚ್ಚುವರಿಯನ್ನು ಇಪ್ಪತ್ತು ವರ್ಷಗಳವರೆಗೆ ಪಡೆಯುವ ಅವಕಾಶವನ್ನು ಮೂಲ ಕಾಯಿದೆಯಲ್ಲಿಯೇ ಕಲ್ಪಿಸಲಾಗಿತ್ತು. ಆದರೆ ಒಮ್ಮೆ ಮಾರಿದ ಮನೆಯನ್ನು ಮಾಲೀಕ ಮರಳಿ ಕೊಂಡು ಬಾಡಿಗೆಗೆ ಬಿಡುವುದಿಲ್ಲ.

ಈ ನಡುವೆ ನೌಕರರನ್ನು ಕಳುಹಿಸಬೇಕಾದ ಸಂಸ್ಥೆಗಳು ಕೆಲವು ವಿಷಯಗಳನ್ನು ಗಮನದಲ್ಲಿಡುವುದು ಒಳಿತು. ವಸತಿಯ ವೆಚ್ಚವನ್ನು ವೇತನದ ಮಾತುಕತೆಗೆ ಮೊದಲೇ ಅಂದಾಜಿಸಬೇಕು. ಮೊದಲ ಎರಡು ಮೂರು ತಿಂಗಳಿಗೆ ನೋಂದಣಿಗೆ ಒಪ್ಪುವ ತಾತ್ಕಾಲಿಕ ವಸತಿಯನ್ನು ಸಂಸ್ಥೆಯೇ ಗೊತ್ತುಮಾಡಿಕೊಡಬೇಕು. ಮನೆ ನೋಡದೆ, ಕೀಲಿಕೈ ಪಡೆಯದೆ ಠೇವಣಿ ಕಳುಹಿಸುವಂತೆ ಒತ್ತಾಯಿಸುವವರು ವಂಚಕರೇ ಎಂದು ತಿಳಿಯಬೇಕು. ಮಾಲೀಕನ ಪರವಾಗಿ ಮನೆ ತೋರಿಸುವ ದಲ್ಲಾಳಿ ಬಾಡಿಗೆದಾರನಿಂದಲೂ ದಲ್ಲಾಳಿ ಕೇಳುವುದು ಅಲ್ಲಿ ಕಾನೂನುಬಾಹಿರ. ಕೇಳಿದರೆ ಕೊಡಬೇಕಾಗಿಲ್ಲ, ಕೊಟ್ಟಿದ್ದರೆ ಹಿಂದೆ ಪಡೆಯಬಹುದು. ಕರಾರಿಗೆ ಸಹಿ ಹಾಕುವ ಮುನ್ನ ಮಾಲೀಕನಿಂದ ಅಂಕಗಳ ಲೆಕ್ಕವನ್ನು ಕೇಳಿ ಪಡೆಯಬೇಕು. ಕೊಡುವುದು ಈಗ ಆತನ ಕರ್ತವ್ಯ. ಆ ಲೆಕ್ಕದಲ್ಲಿ ಇಂಧನ ಶ್ರೇಣಿಯ ಅಂಕವನ್ನು ಮೊದಲು ನೋಡಬೇಕು. ಹಳೆಯ ಮನೆಗಳಲ್ಲಿ ಬಾಡಿಗೆ ಎಷ್ಟೇ ಇಳಿದರೂ ಜನವರಿ ತಿಂಗಳ ಅನಿಲದ ಬಿಲ್ಲು ಬಾಡಿಗೆದಾರನಿಗೇ ಬರುತ್ತದೆ.